ಲೆಕ್ಕಕ್ಕೆ ಇಬ್ಬರು, ಕಚೇರಿಗೆ ಯಾರೂ ಅಲ್ಲ

ಟೋಕಿಯೋ ಪಕ್ಕದ ಚಿಬಾದ ಹೊರಬಯಲಿನಲ್ಲಿ ಇನ್ನೂ ಮಂಜು ಕರಗಿಲ್ಲ. ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಹಸಿರುಮನೆಯೊಳಗೆ ಹಿರೋಸೆ ಮಿನೆಕೊ ತಮ್ಮ ಗಾಲಿಕುರ್ಚಿಯನ್ನು ಸಸಿಗಳ ಸಾಲಿಗೆ ಒತ್ತಿ ನಿಲ್ಲಿಸಿಕೊಂಡು, ಸೊಪ್ಪಿನ ಹಳದಿ ಎಲೆಗಳನ್ನು ಚಿವುಟುತ್ತಿದ್ದಾರೆ. ಈ ಸೊಪ್ಪು ಮಾರುವುದಕ್ಕಲ್ಲ. ಅವರಿಗೆ ಸಂಬಳ ಕೊಡುವ ಟೋಕಿಯೋದ ಕಂಪನಿ ಮಾಡುವುದು ಬಾಗಿಲಿನ ಚಿಲಕ, ಬೀಗ. ಸೊಪ್ಪನ್ನು ಅಲ್ಲಿನ ನೌಕರರಿಗೆ ಪುಕ್ಕಟೆ ಹಂಚುತ್ತಾರೆ. ಬೇಕಾದವರು ಒಯ್ಯುತ್ತಾರೆ, ಉಳಿದದ್ದು ಕಸಕ್ಕೆ.

ಮತ್ತೆ ಈ ಕೆಲಸ ಯಾತಕ್ಕೆ? ಲೆಕ್ಕ ತುಂಬಲಿಕ್ಕೆ. ಇಷ್ಟು ನೌಕರರಿದ್ದರೆ ಅವರಲ್ಲಿ ಅಂಗವಿಕಲರು ಇಷ್ಟಿರಬೇಕು ಎಂದು ಕಾನೂನಿದೆ. ವೈಕಲ್ಯ ತೀವ್ರವಾಗಿದ್ದರೆ ಒಬ್ಬರನ್ನೇ ಇಬ್ಬರೆಂದು ಎಣಿಸಬಹುದು. ಮಿನೆಕೊ ಇಬ್ಬರು. ಕಂಪನಿ ಇಲ್ಲೊಂದು ಸಾಲನ್ನು ಬಾಡಿಗೆಗೆ ಹಿಡಿದು, ಅವರನ್ನು ತಂದು ಕೂರಿಸಿ, "ಎಲ್ಲರನ್ನೂ ಒಳಗೊಂಡ ಸಂಸ್ಥೆ" ಎಂದು ವರ್ಷದ ವರದಿಯಲ್ಲಿ ಬರೆದುಕೊಂಡಿದೆ. ಒಳಗೆ ಎಂದರೆ ಯಾವುದರ ಒಳಗೆ, ಸ್ವಾಮಿ?

ಪಕ್ಕದ ಸಾಲಿನ ಒಗಾಟಾ, ಇಬ್ಬರಿದ್ದೂ ಒಂದೇ ಊಟದ ಡಬ್ಬಿ ತಂದಿದ್ದೀಯಲ್ಲ ಎಂದು ಛೇಡಿಸುತ್ತಾನೆ. "ಇನ್ನೊಬ್ಬಳಿಗೆ ಇವತ್ತು ಉಪವಾಸ ಕಣೋ" ಅನ್ನುತ್ತಾರೆ ಮಿನೆಕೊ, ತಲೆ ಎತ್ತದೆ.

ಬೆನ್ನಿಗೆ ಪೆಟ್ಟಾಗುವ ಮುಂಚೆ ಅವರು ಮಿಠಾಯಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದವರು. ಮುಖ್ಯ ಕಚೇರಿಯಲ್ಲಿ ಅದೇ ಕೆಲಸ ಕೊಡಿ ಎಂದು ಪ್ರತಿ ವಸಂತದಲ್ಲೂ ಕೇಳುತ್ತಾರೆ. ಯೋಚಿಸುತ್ತೇವೆ ಎಂಬ ಉತ್ತರವೂ ಪ್ರತಿ ವಸಂತದಲ್ಲಿ ಬರುತ್ತದೆ, ಬಹಳ ವಿನಯದಿಂದ.

ಹೋದ ಶರತ್ಕಾಲದಲ್ಲಿ ಶಸ್ತ್ರಚಿಕಿತ್ಸೆಯಾಗಿ ಅವರು ಬಹಳ ದಿನ ಆಸ್ಪತ್ರೆಯಲ್ಲಿದ್ದರು. ರಜೆ ಮುಗಿಸಿದವರು ಮಿಠಾಯಿ ಪೊಟ್ಟಣ ಹಿಡಿದು, ಮೇಜಿನಿಂದ ಮೇಜಿಗೆ ಹೋಗಿ, ನಿಮಗೆಲ್ಲ ತೊಂದರೆ ಕೊಟ್ಟೆ ಎಂದು ತಲೆಬಾಗುವುದು ನಮ್ಮ ಜಪಾನಿನಲ್ಲಿ ತಪ್ಪಿಸಬಾರದ ಪದ್ಧತಿ. ಮಿನೆಕೊ ಹೂರಣದ ಮಿಠಾಯಿ ಕೊಂಡು, ರೈಲು ಬದಲಿಸಿ ಬದಲಿಸಿ ಮುಖ್ಯ ಕಚೇರಿಗೇ ಹೋದರು. ಸಿಬ್ಬಂದಿ ವಿಭಾಗದ ನಿಶಿಕಾವಾ ಕೆಳಗಿಳಿದು ಬಂದು, ಬಾಗಿಲಲ್ಲೇ ನಿಂತು ಎರಡೂ ಕೈಯಿಂದ ಪೊಟ್ಟಣ ತೆಗೆದುಕೊಂಡರು.

"'ಛೇ, ತೊಂದರೆ ಏನೂ ಆಗ್ಲಿಲ್ಲ ಹಿರೋಸೆ ಅವರೇ' ಅಂದ್ರು. ಎಲ್ಲರೂ ಹಾಗೇ ಅನ್ನೋದು, ಬಾಯುಪಚಾರಕ್ಕೆ. ಆದ್ರೆ ಅವರು ಹೇಳಿದ್ದು ನಿಜ ಅಕ್ಕ. ನಾನಿಲ್ಲ ಅನ್ನೋದೇ ಅಲ್ಲಿ ಯಾರಿಗೂ ಗೊತ್ತಿರ್ಲಿಲ್ಲ" ಎಂದು ಮಿನೆಕೊ ನನಗೆ ಹೇಳುತ್ತಾರೆ.

ಆ ದಿನಗಳಲ್ಲೂ ಕಂಪನಿಯ ಲೆಕ್ಕದಲ್ಲಿ ಅವರು ಇಬ್ಬರಾಗಿಯೇ ಇದ್ದರು! ಅಳತೆ ಸರಿಬಂದರೆ ಸಾಕು, ಮನುಷ್ಯರು ಬಾಗಿಲು ದಾಟಬೇಕಿಲ್ಲ ಎನ್ನುವವರ ಕೈಗೆ ಕೊಳಗ ಕೊಟ್ಟವರು ಯಾರು?

ಯಾರಿಗೂ ತೊಂದರೆ ಕೊಡಬೇಡ ಎಂದು ಹೇಳಿಕೊಟ್ಟೇ ನಾವು ಮಕ್ಕಳನ್ನು ಬೆಳೆಸುವುದು. ಈ ವಸಂತದಲ್ಲೂ ಕೆಲಸ ಕೇಳಿರುವ ಮಿನೆಕೊ, ಅದು ಸಿಕ್ಕರೆ ಏನಾಸೆ ಎಂದು ನಾನು ಕೇಳಿದರೆ, ಚಿವುಟಿದ ಎಲೆಯನ್ನು ಬುಟ್ಟಿಗೆ ಹಾಕಿ ಹೇಳುತ್ತಾರೆ:

"ನಾನೊಂದು ದಿನ ರಜೆ ಹಾಕಿದ್ರೆ ಅಲ್ಲಿ ಯಾರಿಗಾದ್ರೂ ತೊಂದರೆ ಆಗ್ಬೇಕು. ಮಾರನೇ ದಿನ ಮಿಠಾಯಿ ತಗೊಂಡು ಹೋಗಿ ಕ್ಷಮೆ ಕೇಳ್ತೀನಿ."