ಹೆಸರು ಗೊತ್ತಿಲ್ಲದವರು ಹುಡುಕುವ ಪಟ್ಟಿ

ಒಪ್ಪಿಬಿಟ್ಟರು! ನನ್ನ ಮೊಮ್ಮಗಳು ಜೋಡಿಸಿದ ಪಟ್ಟಿಯನ್ನು ಇವತ್ತು ಎಲ್ಲರೂ ಒಪ್ಪಿಬಿಟ್ಟರು. ಕಂಪ್ಯೂಟರಿನ ಮುಂದಿನಿಂದ ಓಡಿ ಬಂದು, ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಹಿಟ್ಟಿನ ಕೈ ಸಮೇತ ತಬ್ಬಿಕೊಂಡು, "ಆಯೀ, ಗೆದ್ದೇವಿ!" ಅಂದಳು. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು, ನಾನೂ ಗೆದ್ದೆನಂತೆ! ಹರುಷದಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗಿದ್ದೂ ತಿಳಿಯಲಿಲ್ಲ.

ಏನು ಪಟ್ಟಿ ಅಂದರೆ, ಈಗ ಗಣಿತದ ಪುಸ್ತಕವನ್ನು ಕಂಪ್ಯೂಟರಿನಲ್ಲೇ ಜೋಡಿಸುತ್ತಾರೆ. ಒಂದೊಂದು ಚಿಹ್ನೆ ಮೂಡಿಸಲು ಒಂದೊಂದು ಹುಕುಂ ಟೈಪು ಮಾಡಬೇಕು. ಅವನ್ನೆಲ್ಲ ಒಂದೇ ಕಡೆ ಕೂಡಿಹಾಕಲು ಬೇರೆ ಬೇರೆ ಊರಿನ ಮಂದಿ ಸೇರಿ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಮಾಡಿದ್ದಾರೆ. ಗೊತ್ತಿದ್ದವರು ಬರೆಯುವುದು, ತಪ್ಪಿದ್ದರೆ ಇನ್ನೊಬ್ಬರು ತಿದ್ದುವುದು. ಓರಣ ಮಾಡುವ ಕೆಲಸ ಇವಳದು. ಚಿಹ್ನೆಗಳ ಹೆಸರು ನೋಡಿ ಎಬಿಸಿಡಿ ಪ್ರಕಾರ ಇಟ್ಟಳು. ಆದರೂ "ಬೇಕಾದದ್ದು ಸಿಗವಲ್ದು" ಅಂತ ಬಳಸುವವರದು ದಿನಾ ದೂರು. ಕಳೆದ ತಿಂಗಳು ಒಂದು ಮಧ್ಯಾಹ್ನ ತಲೆ ಹಿಡಿದುಕೊಂಡು ಕೂತಿದ್ದಳು.

"ಇನ್ನೊಬ್ರಿಗೆ ಕೊಡ್ತಾರಂತ ಆಯಿ ಈ ಕೆಲಸಾ. ನನ್ನ ಕೈಲೆ ಆಗ್ಲಿಲ್ಲ."

ಕನ್ನಡಕ ಹಾಕಿ ನೋಡಿದೆ. ಆ ಚಿಹ್ನೆಗಳೆಲ್ಲ ನನ್ನ ಹಳೇ ಪರಿಚಯದವೇ!

ಮದುವೆಯಾಗಿ ಪುಣೆಗೆ ಬಂದಾಗ ನಮ್ಮವರು ಶಿವಾಜಿನಗರದ ಓಣಿಯೊಂದರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಛಾಪಿಸಿದ ಮೇಲೆ ಅವನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಬಿಡಿಸಿ, ತಿರುಗಿ ಖಾನೆಗೆ ಹಾಕುವವಳು ನಾನು. ನನಗೆ ಇಂಗ್ಲಿಷು ಬಾರದು. ಅದಕ್ಕೇ ಅವರು ಗಣಿತದ ಖಾನೆಗಳನ್ನು ಚಿಹ್ನೆಯ ಮಾರಿ, ಅಂದರೆ ಮುಖ ನೋಡಿ ಹಂಚಿದ್ದರು: ಬಾಣದಂಥವು ಒಂದು ಕಡೆ, ಕೊಕ್ಕೆಯಂಥವು ಒಂದು ಕಡೆ, ಚುಕ್ಕಿಯವು ಮೂಲೆಗೆ. ಉಳಿದವರು "ಬಾಯ್ಕೋಚಾ ಬೈಲ್" ಎಂದು ಮರಾಠಿಯಲ್ಲಿ ನಗುತ್ತಿದ್ದರು, ಹೆಂಡತಿಯ ಎತ್ತು ಅಂತ. "ಎತ್ತಾದ್ರ ಏನಾತು, ಗಾಡಿ ಮುಂದ ಹೋಗ್ತದಲ್ಲ" ಅನ್ನುತ್ತಿದ್ದರು ನನ್ನ ಕಡೆ ನೋಡಿ.

ತೊಂಬತ್ತರ ಆಚೆ ಪ್ರೆಸ್ಸು ಮುಚ್ಚಿತು. ಮೊಳೆಗಳೆಲ್ಲ ಗುಜರಿಯವನ ಚೀಲ ಸೇರಿದವು. ನಮ್ಮವರು ಕೋಥರೂಡದ ಸೊಸೈಟಿಯೊಂದರ ಗೇಟಿನಲ್ಲಿ ಕಾವಲಿಗೆ ಕೂತರು. ಕುರ್ಚಿಯ ತೋಳಿನ ಮೇಲೆ ಬೆರಳು ಆಡುತ್ತಲೇ ಇರುತ್ತಿದ್ದವು, ಮೊಳೆ ಹೆಕ್ಕುವ ಹಾಗೆ. ನೋಡಿಯೂ ನೋಡದ ಹಾಗೆ ಚಹಾ ಇಟ್ಟು ಬರುತ್ತಿದ್ದೆ. ಅವರು ಹೋಗಿ ಆರು ವರ್ಷ. ಎಲ್ಲಾದರೂ ಆ ಎಣ್ಣೆಯ ವಾಸನೆ ಬಂದರೆ ಈಗಲೂ ಹೊರಳಿ ನೋಡುತ್ತೇನೆ.

ಮೊಮ್ಮಗಳಿಗೆ ಕೇಳಿದೆ: "ಹೆಸರ ಗೊತ್ತಿದ್ದವ್ರಿಗೆ ಎಬಿಸಿಡಿ ಆತು. ಬರೇ ಮಾರಿ ನೋಡಿದವ್ರು ಎಲ್ಲಿ ಹುಡುಕಬೇಕವಾ?"

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಇನ್ನೊಮ್ಮೆ ಹೇಳು."

ಚಿಹ್ನೆಗೊಂದು ಚೀಟಿ ಬರೆದು ಚಾಪೆಯ ಮೇಲೆ ಹರವಿದೆವು. ನಮ್ಮ ಖಾನೆಗಳು ಇದ್ದ ಹಾಗೇ ಒಂದೊಂದಾಗಿ ಇಟ್ಟೆ. ಒಲೆಗುಂಡಿನ ಹಾಗೆ ಕೂತ ಮೂರು ಚುಕ್ಕಿ ಸಿಕ್ಕಿತು. ಇದಕ್ಕೇನು ಅರ್ಥ ಅಂದೆ. "ಆದ್ದರಿಂದ, ಅಂತ ಆಯಿ." ಅಷ್ಟೇ! ಅಷ್ಟು ಸಣ್ಣ ಮಾತು ಎಷ್ಟು ವರ್ಷ ನನ್ನ ಬೆರಳ ಸಂದಿಯಲ್ಲಿತ್ತು. ನಮ್ಮವರಿಗೂ ಗೊತ್ತಿರಲಿಲ್ಲ. ಓಡಿಹೋಗಿ ಹೇಳಬೇಕೆನಿಸಿತು. ಯಾರಿಗೆ ಹೇಳುವುದು?

ಹೊಸ ಪಟ್ಟಿ ನೋಡಿ ಆ ಪುಟದ ಮಂದಿಯಲ್ಲಿ ಒಂದಿಬ್ಬರು ಇದು ಬಾಲವಾಡಿಯ ಚಿತ್ರದ ಪುಸ್ತಕ ಅಂದರು. ಇವಳು ಹಟ ಹಿಡಿದಳು: ಒಂದು ವಾರ ಬಳಸಿ ನೋಡಿ, ಸರಿ ಬರದಿದ್ದರೆ ನಾನೇ ಬಿಟ್ಟುಕೊಡುತ್ತೇನೆ. ಆ ವಾರ ಇವಳು ಸರಿಯಾಗಿ ಉಣ್ಣಲಿಲ್ಲ. ನಾನು ಜೇಜುರಿಯ ಖಂಡೋಬನಿಗೆ ಭಂಡಾರದ ಅರಿಸಿನ ಎರಚುವ ಹರಕೆ ಹೊತ್ತೆ. ಇವತ್ತು ಉತ್ತರ ಬಂತು: ಬೇಕಾದದ್ದು ಈಗ ಸಿಗುತ್ತದೆ, ಪಟ್ಟಿ ಹೀಗೇ ಇರಲಿ, ಕೆಲಸ ಇವಳ ಕೈಯಲ್ಲೇ ಇರಲಿ. ಬಾಲವಾಡಿ ಅಂದವರೂ ಬರೆದಿದ್ದರು!

ಮಗ ಆಫೀಸಿನಿಂದ ಬರುವಷ್ಟರಲ್ಲಿ ಸೊಸೆ ಹೂರಣ ರುಬ್ಬಿದ್ದಳು.

"ಏನಬೇ ಯವ್ವಾ, ಕಂಪ್ಯೂಟರ ಕಲತ್ಯಂತ?"

"ಕಲೀಲಿಲ್ಲಪಾ, ಕಲಿಸಿದೆ!"

"ಅತ್ಯಾ, ಮಾಸ್ತರಾಗೂದು ಆಮ್ಯಾಲ, ಹೋಳಿಗಿ ಆರ್ತಾವ, ಬರ್ರಿ" ಎಂದಳು ಸೊಸೆ.

ನಾಲ್ಕೂ ಮಂದಿ ನೆಲದ ಮೇಲೆ ಒಟ್ಟಿಗೇ ಕೂತೆವು. ಮೊಮ್ಮಗಳು ಮೂರನೆಯದಕ್ಕೆ ಕೈ ಚಾಚಿದಳು. ನಮ್ಮವರು ಇದ್ದಿದ್ದರೆ ಅನ್ನಿಸಿತು. ಸೊಸೆ ನನ್ನ ತಾಟಿಗೆ ಇನ್ನಷ್ಟು ತುಪ್ಪ ಸುರಿದಳು, ನಾನು ಉಂಡೆ.