ಗವರ್ನರನನ್ನು ಹಡಗು ಹತ್ತಿಸಿದ್ದು

ಆ ಗವರ್ನರನ ಕಥೆಯನ್ನು ನಾನು ಬರೆದದ್ದೇ ಒಬ್ಬನ ಬಾಯಿ ಮುಚ್ಚಿಸಲಿಕ್ಕೆ. ಸುಳ್ಳು ಯಾಕೆ ಹೇಳಲಿ?

ಹನ್ನೆರಡು ವರ್ಷದ ಹಿಂದೆ ಶೃಂಗೇರಿಯ ತಾಳಮದ್ದಲೆಯಲ್ಲಿ, ವೇಷ ಕುಣಿತವಿಲ್ಲದೆ ಬರೀ ಮಾತಿನಲ್ಲೇ ಪಾತ್ರ ಕಟ್ಟುವ ಯಕ್ಷಗಾನ ಕೂಟದಲ್ಲಿ, ಮೊದಲ ಸಲ ಅರ್ಥ ಹೇಳಲು ಕೂತಿದ್ದೆ. ಎದುರಿಗೆ ನಮ್ಮ ಸೀಮೆಯ ಹಿರಿಯ ಅರ್ಥಧಾರಿ. ನನ್ನ ಪ್ರಶ್ನೆಗೆ ಉತ್ತರ ಹೊಳೆಯದೆ ಅವನು ಪ್ರಸಂಗವನ್ನೇ ಬಿಟ್ಟು, "ಒಲೆ ಮೇಲೆ ಸಾರು ಉಕ್ತಾ ಇದೆ, ಹೋಗು ಮಾರಾಯ್ತಿ" ಎಂದ. ಸಭೆ ಗೊಳ್ಳೆಂದು ನಕ್ಕಿತು. ನನಗೆ ಮಾತು ಕಲಿಸಿದ ಅಪ್ಪ ಮುಂದಿನ ಸಾಲಿನಿಂದ ಎದ್ದು ಹೋದರು. ಆಮೇಲೆ ನನ್ನ ಒಂದು ಕೂಟಕ್ಕೂ ಬರಲಿಲ್ಲ. ಅವನನ್ನು ಅಪ್ಪನ ಎದುರೇ ಇಳಿಸಬೇಕು ಎಂದು ಅವತ್ತೇ ಹಲ್ಲು ಕಚ್ಚಿದೆ.

ಕೊಪ್ಪದಲ್ಲಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಹೇಳುವವಳು ನಾನು. ಅಮೆರಿಕದ ಒಂದು ವಸಾಹತನ್ನು ಆಳಿದ ಬ್ರಿಟಿಷ್ ಗವರ್ನರನ ಬದುಕು ಓದುವಾಗ ಆ ಅರ್ಥಧಾರಿಯದೇ ಮುಖ ಕಂಡಿತು. ಸೈನ್ಯದಿಂದ ಬಂದವನು, ಊರವರ ಸಭೆ ಪ್ರಶ್ನೆ ಕೇಳಿದಾಗಲೆಲ್ಲ ಸಭೆಯನ್ನೇ ವಿಸರ್ಜಿಸಿದವನು, ಜನ ತಿರುಗಿಬಿದ್ದಾಗ ಹಡಗು ಹತ್ತಿ ಓಡಿ, ಲಂಡನ್ನಿನಲ್ಲಿ ಮಂತ್ರಿಗಳ ಬಾಗಿಲು ಕಾಯುತ್ತ ಮುದುಕನಾದವನು. ಅದನ್ನೇ ಪ್ರಸಂಗ ಮಾಡಿ, ಗವರ್ನರನ ಪಾತ್ರವನ್ನು ಬೇಕೆಂದೇ ಅವನಿಗೆ ಕೊಟ್ಟೆ. ಹಿಗ್ಗಿ ಹೀರೇಕಾಯಿಯಾದ. ಅವನ ಚಾಳಿ ನನಗೆ ಗೊತ್ತಿತ್ತು: ಪೀಠಿಕೆ ಮಾತ್ರ ಗಟ್ಟಿ ಮಾಡಿಕೊಂಡು ಬರುವುದು, ಉಳಿದದ್ದೆಲ್ಲ ಬಾಯಿಬಲ.

ನರಸಿಂಹರಾಜಪುರದ ಒಂದು ಸಭಾಭವನ, ಭಾನುವಾರ ಮಧ್ಯಾಹ್ನ. ಅಪ್ಪನಿಗೆ ದಮ್ಮಯ್ಯ ಗುಡ್ಡೆ ಹಾಕಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಗವರ್ನರನ ಪೀಠಿಕೆಗೆ ಚಪ್ಪಾಳೆ ಬಿತ್ತು. ಊರ ಸಭೆಯ ಮುಖ್ಯಸ್ಥನಾಗಿ ನಾನು ಕೇಳಿದೆ:

"ಪ್ರಶ್ನೆ ಕೇಳಿದ್ದಕ್ಕೆ ಸಭೆ ಮುಚ್ಚಿಸಿದಿರಿ. ಉತ್ತರ ಇದ್ದವರು ಬಾಗಿಲು ಮುಚ್ಚುತ್ತಾರೆಯೇ?"

"ನಾನು... ದೊರೆಯ ಪ್ರತಿನಿಧಿ."

"ಅದು ನಿಮ್ಮ ಪದವಿ. ನಾನು ಕೇಳಿದ್ದು ಉತ್ತರ."

ಮಾತು ಸಿಗದಿದ್ದರೆ ಭಾಗವತರ ಕಡೆ ನೋಡುವುದು ರೂಢಿ. ಅವರು ಮುಂದಿನ ಪದ ಹಾಡಿ ಮಾನ ಉಳಿಸುತ್ತಾರೆ. ಅವನೂ ನೋಡಿದ. ಆದರೆ ಭಾಗವತರು ನನ್ನ ಸೋದರಮಾವ, ಮೊದಲೇ ಹೇಳಿಟ್ಟಿದ್ದೆ. ತಾಳವನ್ನು ತೊಡೆಯ ಮೇಲಿಟ್ಟು ಮೇಲೆ ತಿರುಗುವ ಫ್ಯಾನು ನೋಡುತ್ತ ಕೂತರು.

"ಪದ ಎತ್ತಿ ಮಾರಾಯ್ರೆ" ಎಂದು ಅವನು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು.

"ಬಂದರಿನಲ್ಲಿ ಹಡಗು ಕಾಯ್ತಾ ಇದೆ" ಎಂದೆ. "ಹೋಗಿ ಮಾರಾಯ್ರೆ."

ಸಭೆ ಅವತ್ತಿನ ಹಾಗೇ ಗೊಳ್ಳೆಂದಿತು. ಪಾಪ ಅನ್ನಿಸಿತೇ? ಒಂದು ಚೂರೂ ಇಲ್ಲ. ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಅಪ್ಪ ಎದ್ದು ನಿಂತರು. ಇವತ್ತೂ ಎದ್ದು ಹೋಗುತ್ತಾರೆಯೇ? ಅವರು ಪಂಚೆ ಸರಿಮಾಡಿಕೊಂಡು, ಮಾವನ ಕಡೆ ಕೈ ಬೀಸಿ, ಮತ್ತೆ ಅಲ್ಲೇ ಕೂತರು.

"ಈಗ ಪದ ಎತ್ತು ಭಾವಾ. ನಮ್ಮ ಕೂಸಿನ ಮಾತು ಇನ್ನೂ ಮುಗೀಲಿಲ್ಲ."