ಅಪ್ಪನ ಕಾಲಿನ ಹೊಲಿಗೆ

ಸ್ನೇಹಿತರೇ, ನಗು ತಡೆಯಲಾಗುತ್ತಿಲ್ಲ. ಕಾಲಿನ ಚರ್ಮದ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡು ಬಾಳೂರಿನ ಮನೆಯಲ್ಲಿರುವ ಅಪ್ಪನ ಕಾಲಿನಿಂದ ಇಂದು ಬೆಳಿಗ್ಗೆ ರಕ್ತ ಇಳಿಯತೊಡಗಿತು. ಹೊಲಿಗೆ ಬಿಚ್ಚಿತೆಂದು ಹೆದರಿ ಕ್ಲಿನಿಕ್ಕಿಗೆ ವಿಡಿಯೊ ಕಾಲ್ ಮಾಡಿದೆ.

“ತೋಟಕ್ಕೇನಾದ್ರೂ ಹೋಗಿದ್ರಾ ಸಾರ್?” ಎಂದರು ನರ್ಸ್.

“ದೇವ್ರಾಣೆಗೂ ಇಲ್ಲಮ್ಮಾ. ಡಾಕ್ಟ್ರು ಹೇಳಿದ ಹಾಗೆ ಕಾಲು ಮೇಲಿಟ್ಕೊಂಡು ಕೂತಿದೀನಿ,” ಎಂದರು ಅಪ್ಪ.

ನರ್ಸ್ ಹೇಳಿದಂತೆ ರಕ್ತ ಒರೆಸಿ ನೋಡಿದೆ. ಬ್ಯಾಂಡೇಜ್ ಒಣಗಿಯೇ ಇತ್ತು. ರಕ್ತ ಬರುತ್ತಿದ್ದದ್ದು ಹಿಮ್ಮಡಿಯ ಹತ್ತಿರದ ಸಣ್ಣ ಗಾಯದಿಂದ. ಕುರ್ಚಿಯ ಕೆಳಗೆ, ರಕ್ತ ಕುಡಿದು ಹೊಟ್ಟೆ ಬಿರಿಯುವಷ್ಟು ಊದಿದ ಇಂಬಳವೊಂದು, ಅದೇ ತೋಟದ ಒದ್ದೆ ನೆಲದಲ್ಲಿ ಕಾಲಿಗೆ ಹತ್ತುವ ಜಿಗಣೆ, ಉರುಳಾಡುತ್ತಿತ್ತು.

“ಹೊಲಿಗೆಗೆ ಏನೂ ಆಗಿಲ್ಲ. ಇಂಬಳ ಎಲ್ಲಿ ಹತ್ತಿತು ಸಾರ್?”

ಅಪ್ಪ ಸೂರು ನೋಡಿದರು. “ಮೇಸ್ತ್ರಿ ಗೊಬ್ಬರ ಸರಿಯಾಗಿ ಹಾಕಿಸ್ತಿದಾನಾ ಅಂತ ಸ್ವಲ್ಪ ಇಣುಕಿ ಬಂದೆ, ಅಷ್ಟೆ.”

ಅಪ್ಪನನ್ನು ಕಾಯಲೆಂದೇ ನಾನು ರಜೆ ಹಾಕಿ ಬಂದಿದ್ದೆ. ಆ ಕೆಲಸಕ್ಕೆ ಇಂಬಳವೇ ಸಾಕಿತ್ತು.